ಓದುಗರ ಪ್ರಶ್ನೆ: ಜ್ವರ ನಮ್ಮೂರಲ್ಲಿ, ಟೆಸ್ಟು ಮಾತ್ರ ದೂರದಲ್ಲಿ ಯಾಕೆ?

ಹೋದ ಸಂಚಿಕೇಲಿ ಮಂಗನ ಕಾಯಿಲೆ, ಅಂದ್ರೆ ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರೋ ವೈರಸ್ ಜ್ವರದ ಬಗ್ಗೆ ನಾಲ್ಕೇ ಸಾಲಿನ ಒಂದು ಉತ್ತರ ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಸುಮಾರು ಪತ್ರಗಳಲ್ಲಿ ಕೇಳಿದ್ದು ಒಂದೇ ಮಾತು, ಹೊಸ ಹೊಸ ಜ್ವರ ಬರೋ ಜಾಗದಲ್ಲೇ ಅದನ್ನ ಹುಡುಕೋ ಜನ, ಲ್ಯಾಬು ಯಾಕಿಲ್ಲ ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದೀನಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆ ತನಕ ಕಾಯ್ಬೇಕು.

ಮೇಡಂ, ನಮ್ಮ ದೊಡ್ಡಪ್ಪಂಗೆ ಮಾರ್ಚ್ ತಿಂಗಳಲ್ಲಿ ಜ್ವರ ಬಂತು, ಮಂಗನ ಕಾಯಿಲೆ ಇರ್ಬೋದು ಅಂತ ರಕ್ತ ತಗೊಂಡು ಕಳಿಸಿದ್ರು. ರಿಪೋರ್ಟ್ ಬರೋ ಹೊತ್ತಿಗೆ ಅವ್ರು ಜ್ವರ ಬಿಟ್ಟು ಎದ್ದು ಕೂತು ಗಂಜಿ ಕುಡೀತಿದ್ರು. ಈ ಕಾಯಿಲೆ ಮೊದಲು ಕಂಡಿದ್ದೇ ನಮ್ಮ ಜಿಲ್ಲೇಲಿ ಅಂತಾರೆ, ಇಷ್ಟು ವರ್ಷ ಆದ್ಮೇಲೂ ಸ್ಯಾಂಪಲ್ ದೂರ ಹೋಗ್ಬೇಕು ಅಂದ್ರೆ ಹೇಗೆ?
ಓದುಗರು, ಸಾಗರ ತಾಲೂಕು

ದೊಡ್ಡಪ್ಪ ಎದ್ದು ಕೂತಿದಾರೆ ಅನ್ನೋದನ್ನ ಓದಿ ಮೊದಲು ಸಮಾಧಾನ ಆಯ್ತು. ನಿಮ್ಮ ಸಿಟ್ಟು ನನಗೆ ಅರ್ಥ ಆಗತ್ತೆ, ನಾನೂ ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು, ಐಸ್ ಬಾಕ್ಸಲ್ಲಿ ರಕ್ತ ಇಟ್ಕೊಂಡು ಜೀಪಿಗೆ ಕಾದು ಕೂತ ಮಧ್ಯಾಹ್ನಗಳು ನನಗಿನ್ನೂ ನೆನಪಿವೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮುಸಿಯಗಳು, ಮಂಗಗಳು ಸತ್ತು ಬೀಳೋಕೆ ಶುರುವಾಯ್ತು, ಸುತ್ತಲ ಹಳ್ಳಿಯವರಿಗೂ ಜ್ವರ. ಸುದ್ದಿ ಪುಣೆಯ ವೈರಸ್ ರಿಸರ್ಚ್ ಸೆಂಟರ್‌ಗೆ ಮುಟ್ತು. ಆ ಸಂಸ್ಥೆ ಶುರುವಾಗಿ ಆಗ ಬರೀ 5 ವರ್ಷ, 1952ರಲ್ಲಿ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ್ದು, ಈಗ ಅದನ್ನೇ ನಾವು ಎನ್‌ಐವಿ, ಅಂದ್ರೆ ರಾಷ್ಟ್ರೀಯ ವೈರಾಲಜಿ ಸಂಸ್ಥೆ ಅಂತೀವಿ. ಮಂಗಗಳು ಸಾಯ್ತಿವೆ ಅಂದ ತಕ್ಷಣ ಅವರಿಗೆ ಬಂದ ಮೊದಲ ಭಯ ಹಳದಿ ಜ್ವರ ನಮ್ಮ ದೇಶಕ್ಕೂ ಬಂದೇಬಿಡ್ತಾ ಅನ್ನೋದು. ಸತ್ತ ಮಂಗದಿಂದ ವೈರಸ್ ತೆಗೆದು ನೋಡಿದ್ರೆ ಅದು ರಷ್ಯಾ ಕಡೆ ಉಣುಗಿನಿಂದ ಬರೋ ಮೆದುಳು ಜ್ವರದ ವೈರಸ್ಸಿನ ಸಂಬಂಧಿ, ಆದ್ರೆ ಹೊಸದು. ಕಾಡಿನ ಹೆಸರನ್ನೇ ಅದಕ್ಕೆ ಇಟ್ರು.

ಆಮೇಲಿನ ವರ್ಷಗಳಲ್ಲಿ ಅವರು ಸಾಗರದಲ್ಲಿ ಫೀಲ್ಡ್ ಸ್ಟೇಷನ್ ಮಾಡ್ಕೊಂಡು ಕೆಲಸ ಮಾಡಿದ್ರು. ಬಿಳಿ ಬಟ್ಟೆ ಕಾಡಿನ ನೆಲದ ಮೇಲೆ ಎಳೆದು ಅದಕ್ಕೆ ಹತ್ತಿದ ಉಣುಗು ಎಣಿಸೋದು, ಇಲಿ ಹೆಗ್ಗಣ ಹಿಡಿಯೋದು, ಯಾವ ಕಾಡಲ್ಲಿ ಯಾವತ್ತು ಮಂಗ ಸತ್ತಿತು ಅಂತ ಬರೆದಿಡೋದು, ಇದೇ ಕೆಲಸ. ಸಣ್ಣ ಉಣುಗು ಚಳಿಗಾಲದಿಂದ ಮಳೆ ಹಿಡಿಯೋ ತನಕ ಜಾಸ್ತಿ, ದರಕು, ಅಂದ್ರೆ ಒಣಗಿದ ಎಲೆ ತರೋಕೆ ಸೊಪ್ಪಿನ ಬೆಟ್ಟಕ್ಕೆ ಹೋಗೋದೂ ಅದೇ ತಿಂಗಳಲ್ಲಿ, ಮೇಯೋಕೆ ಹೋದ ದನದ ಮೈಮೇಲೆ ದೊಡ್ಡ ಉಣುಗು ಬೆಳೆಯತ್ತೆ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಇದೆಲ್ಲ ನಾವಿವತ್ತು ಸಲೀಸಾಗಿ ಹೇಳ್ತೀವಲ್ಲ, ಅದಕ್ಕೆ ಬುನಾದಿ ಹಾಕಿದ್ದು ಅಲ್ಲೇ ಕಾಡಂಚಲ್ಲಿ ಕೂತು ಮಾಡಿದ ಆ ಕೆಲಸ. ಕಾಡು ಕಡಿದು ದನ ಮೇಯಿಸೋದಕ್ಕೂ ಈ ಕಾಯಿಲೆಗೂ ಇರೋ ನಂಟಿನ ಬಗ್ಗೆ ಹೋರ್ಹೆ ಬೋಶೆಲ್ ಅನ್ನೋ ವಿಜ್ಞಾನಿ 1969ರಲ್ಲೇ ಬರೆದಿದ್ರು.

ಅಂದ್ರೆ ಒಂದು ಕಾಲದಲ್ಲಿ ನಿಮ್ಮ ಊರಲ್ಲೇ ದೇಶದ ಒಳ್ಳೇ ಸಂಶೋಧನೆ ನಡೀತಿತ್ತು. ಕಾಯಿಲೆ ಉಳೀತು, ಆ ಮಟ್ಟದ ಸಂಶೋಧನೆ ಊರು ಬಿಟ್ಟು ಹೋಯ್ತು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ನೋವಾಗೋದು ಇದೇ.

ಈಗ ಟೆಸ್ಟಿನ ವಿಷಯ. ಈ ವೈರಸ್ಸನ್ನ ಜೀವಂತವಾಗಿ ಬೆಳೆಸೋದು ತುಂಬಾ ಅಪಾಯ, ಹಿಂದೆ ಲ್ಯಾಬಲ್ಲಿ ಕೆಲಸ ಮಾಡೋರಿಗೇ ಸೋಂಕು ತಗುಲಿದ್ದುಂಟು. ಹಾಗಾಗಿ ಅದನ್ನ ಅತಿ ಹೆಚ್ಚು ಭದ್ರತೆಯ ಬಿಎಸ್‌ಎಲ್-4 ಲ್ಯಾಬಲ್ಲಿ ಬೆಳೆಸ್ಬೇಕು, ಪುಣೆಯಲ್ಲಿ ಅಂಥದ್ದು ಶುರುವಾಗಿದ್ದೇ 2012ರಲ್ಲಿ. ಆದ್ರೆ ರೋಗಿಗೆ ಕಾಯಿಲೆ ಇದ್ಯಾ ಇಲ್ವಾ ಅಂತ ಹೇಳೋಕೆ ವೈರಸ್ ಬೆಳೆಸೋದೇ ಬೇಕಾಗಿಲ್ಲ. ಸ್ಯಾಂಪಲ್ಲಿಗೆ ಒಂದು ದ್ರಾವಣ ಹಾಕಿ ವೈರಸ್ಸನ್ನ ಸಾಯಿಸಿ ಆಮೇಲೆ ವೈರಸ್ಸಿನ ಗುರುತು ಹುಡುಕೋ ಪಿಸಿಆರ್ ಟೆಸ್ಟ್ ಮಾಡಬಹುದು, ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್, ಒಂದು ವಾರ ದಾಟಿದ್ರೆ ವೈರಸ್ ವಿರುದ್ಧ ನಮ್ಮ ಮೈ ತಯಾರಿಸೋ ಐಜಿಎಂ ಆಂಟಿಬಾಡಿ ಹುಡುಕೋ ಟೆಸ್ಟ್. ಶಿವಮೊಗ್ಗದ ವೈರಸ್ ಡಯಾಗ್ನೋಸ್ಟಿಕ್ ಲ್ಯಾಬೊರೇಟರಿ ಇದೇ ಕೆಲಸ ಮಾಡ್ತಾ ಬಂದಿದೆ. ಟಿಬಿ ಟೆಸ್ಟಿಗೆ ತಾಲೂಕು ಆಸ್ಪತ್ರೆಗಳಲ್ಲಿ ಟ್ರೂನ್ಯಾಟ್ ಅನ್ನೋ ಸಣ್ಣ ಯಂತ್ರ ನೋಡಿರ್ತೀರಿ, ಅದರಲ್ಲೇ ಓಡೋ ಮಂಗನ ಕಾಯಿಲೆ ಟೆಸ್ಟನ್ನೂ ಎನ್‌ಐವಿ ಜೊತೆ ಸೇರಿ ತಯಾರು ಮಾಡಿದಾರೆ. ಅಂದ್ರೆ ತಾಲೂಕಲ್ಲೇ ಟೆಸ್ಟ್ ಮಾಡೋಕೆ ವಿಜ್ಞಾನ ಅಡ್ಡ ಬರ್ತಿಲ್ಲ. ಆ ಯಂತ್ರಕ್ಕೆ ಹಾಕೋ ಟೆಸ್ಟ್ ಚಿಪ್ ತರಿಸೋದು, ಸೀಸನ್ ಶುರುವಾಗೋ ಮುಂಚೆ ಟೆಕ್ನಿಷಿಯನ್‌ಗೆ ಟ್ರೈನಿಂಗ್ ಕೊಡೋದು, ಆ ಟೆಕ್ನಿಷಿಯನ್ನು ಮುಂದಿನ ವರ್ಷವೂ ಅಲ್ಲೇ ಇರೋ ಹಾಗೆ ನೋಡ್ಕೊಳ್ಳೋದು, ಕೆಲಸ ಬಾಕಿ ಇರೋದು ಅಲ್ಲಿ.

ಈ ಕಾಯಿಲೆಗೆ ಇಂಥದ್ದೇ ಅಂತ ಔಷಧಿ ಇಲ್ವಲ್ಲ, ರಿಪೋರ್ಟ್ ಬೇಗ ಬಂದು ಏನಾಗ್ಬೇಕು ಅಂತ ಇನ್ನೊಬ್ಬರು ಕೇಳಿದಾರೆ, ಅದಕ್ಕೂ ಇಲ್ಲೇ ಹೇಳ್ಬಿಡ್ತೀನಿ. ರಿಪೋರ್ಟ್ ಬೇಗ ಬಂದ್ರೆ ಡಾಕ್ಟ್ರು ಪ್ಲೇಟ್ಲೆಟ್ ಮೇಲೆ, ವಸಡು ಮೂಗಿಂದ ರಕ್ತ ಬರ್ತಿದ್ಯಾ ಅನ್ನೋದರ ಮೇಲೆ ಕಣ್ಣಿಡ್ತಾರೆ, ಜ್ವರ ಬಿಟ್ಟ ಮೇಲೂ ಕೆಲವರಿಗೆ ಒಂದೆರಡು ವಾರದಲ್ಲಿ ತಿರುಗಿ ಬಂದು ಮೆದುಳಿಗೆ ತೊಂದ್ರೆ ಆಗತ್ತೆ, ಅದಕ್ಕೆ ಮನೆಯವರನ್ನ ಮೊದಲೇ ಎಚ್ಚರಿಸ್ತಾರೆ. ಅದಕ್ಕಿಂತ ಮುಖ್ಯ, ಆ ಬೆಟ್ಟಕ್ಕೆ ನಾಳೆ ದರಕಿಗೆ ಹೋಗೋ ಪಕ್ಕದ ಮನೆಯವರಿಗೆ ಇವತ್ತೇ ಹೋಗ್ಬೇಡಿ ಅಂತ ಹೇಳೋಕೆ ಆಗತ್ತೆ, ಮೈಗೆ ಹಚ್ಚೋ ಎಣ್ಣೆ ಹಂಚೋಕೆ ಆಗತ್ತೆ. 2019ರ ಸೀಸನ್ನಲ್ಲಿ ಅರಳಗೋಡು ಕಡೆ ಈ ಕಾಯಿಲೆಯಿಂದ ಜನ ತೀರಿಕೊಂಡಿದ್ದನ್ನ ನಿಮ್ಮ ತಾಲೂಕಿನವರಿಗೆ ನಾನು ಹೇಳೋದು ಬೇಡ, ಅಲ್ಲಿ ಒಂದೊಂದು ದಿನಕ್ಕೂ ಬೆಲೆ ಇತ್ತು.

ಲಸಿಕೆ ಕೊಡ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರು? ನಮ್ಮ ಮನೇಲಿ ಎಲ್ಲರೂ ನೋವು ತಡ್ಕೊಂಡು ಹಾಕಿಸ್ಕೊಂಡಿದ್ವಿ.
ಓದುಗರು, ತೀರ್ಥಹಳ್ಳಿ

ಆ ಇಂಜೆಕ್ಷನ್ ನೋವು ಗೊತ್ತಿರೋದಕ್ಕೆ ಹೇಳ್ತೀನಿ, ನೀವು ಹಾಕಿಸ್ಕೊಂಡಿದ್ದು ಸರಿಯಾದ ಕೆಲಸವೇ. 1990ರಿಂದ ಆ ಲಸಿಕೆ ನಮ್ಮ ರಾಜ್ಯದಲ್ಲಿ ಬಳಕೇಲಿತ್ತು, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೇಲಿ ತಯಾರಾಗ್ತಿತ್ತು. ಮೊದಲು ಎರಡು ಡೋಸ್, ಆಮೇಲೆ ಬೂಸ್ಟರ್. ಇದು ನಿಜವಾಗ್ಲೂ ಎಷ್ಟು ಕೆಲಸ ಮಾಡತ್ತೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಿದ್ದು ದೆಹಲಿಯವರೂ ಅಲ್ಲ ಹೊರದೇಶದವರೂ ಅಲ್ಲ, ಶಿವಮೊಗ್ಗದ ಆರೋಗ್ಯ ಇಲಾಖೆಯ ಡಾ. ಗುಡದಪ್ಪ ಕಸಬಿ ಮತ್ತೆ ಅವರ ಜೊತೆಯವರು, ಚೆನ್ನೈನ ಎನ್‌ಐಇ, ಅಂದ್ರೆ ಕಾಯಿಲೆ ಹೇಗೆ ಹರಡತ್ತೆ ಅಂತ ಲೆಕ್ಕ ಹಾಕೋ ಎಪಿಡೆಮಿಯಾಲಜಿಯ ರಾಷ್ಟ್ರೀಯ ಸಂಸ್ಥೆ ಜೊತೆ ಸೇರಿ. 2005ರಿಂದ 2010ರ ತನಕದ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದ್ರು: ಎರಡು ಡೋಸ್ ಆದವರಲ್ಲಿ 62.4 ಪರ್ಸೆಂಟ್ ರಕ್ಷಣೆ, ಬೂಸ್ಟರೂ ಆದವರಲ್ಲಿ 82.9. ಆದ್ರೆ ಲಸಿಕೆ ತಗೊಂಡವರೇ ಕಮ್ಮಿ, ಬೂಸ್ಟರ್ ತಗೊಂಡವರು ಇನ್ನೂ ಕಮ್ಮಿ.

ನಾನು ಪ್ರಾದೇಶಿಕ ಸಂಶೋಧನೆ ಅಂತ ಬಾಯ್ತುಂಬ ಹೇಳೋದು ಇಂಥದ್ದಕ್ಕೇ. ಕಾರ್ಡು ಹಿಡ್ಕೊಂಡು ಮನೆಮನೆಗೆ ಹೋಗೋರು ಅವರು, ಪ್ರಶ್ನೆ ಹುಟ್ಟಿದ್ದು ಅವರ ರಿಜಿಸ್ಟರಲ್ಲಿ, ಲೆಕ್ಕ ಹಾಕೋ ವಿಧಾನ ಕಲಿಸೋ ಸಂಸ್ಥೆ ಪಕ್ಕದಲ್ಲಿ ನಿಂತ್ಕೊಂಡಿತು. ಇದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಾಗ್ಲಿಲ್ಲ.

ಆಮೇಲೆ ಲಸಿಕೆಯ ಶಕ್ತಿ ಕಮ್ಮಿ ಆಗಿದೆ ಅನ್ನೋದು ಗೊತ್ತಾಗಿ 2022ರಲ್ಲಿ ನಿಂತೇ ಹೋಯ್ತು. ಹೊಸ ಲಸಿಕೆ ಮೇಲೆ ಐಸಿಎಂಆರ್ ಮತ್ತೆ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಕೆಲಸ ಮಾಡ್ತಿವೆ. ಮಧ್ಯದಲ್ಲಿ ಲಸಿಕೆ ಇಲ್ಲದ ಈ ವರ್ಷಗಳು ಬಂದಿದ್ದು ಯಾಕೆ ಅಂತ ನೀವು ಕೇಳ್ಬೇಕು, ನಿಮ್ಮ ಶಾಸಕರನ್ನೂ ಕೇಳ್ಬೇಕು. ವರ್ಷಕ್ಕೆ ಕೆಲವು ನೂರು ಜನಕ್ಕೆ ಬರೋ ಕಾಯಿಲೆಯ ಲಸಿಕೆ ಮಾರಿ ಯಾವ ಕಂಪನಿಗೂ ದೊಡ್ಡ ಲಾಭ ಬರಲ್ಲ, ಸರ್ಕಾರ ಹತ್ತಾರು ವರ್ಷ ಮೊದಲೇ ಯೋಚಿಸಿ ದುಡ್ಡು ಹಾಕಿದ್ರೆ ಮಾತ್ರ ಅದು ಆಗೋದು.

2018ರಲ್ಲಿ ಕೇರಳದಲ್ಲಿ ನಿಫಾ ಅಂತ ಅಷ್ಟು ಬೇಗ ಹೇಗೆ ಗೊತ್ತಾಯ್ತು? ನಮ್ಮಲ್ಲಿ ಬಂದಿದ್ರೆ ಗೊತ್ತಾಗ್ತಿತ್ತಾ?
ಓದುಗರು, ಮಂಗಳೂರು

ನಿಮಗೆ ಖುಷಿ ಆಗೋ ವಿಷಯ, ಅದು ಮೊದಲು ಗೊತ್ತಾಗಿದ್ದು ನಿಮ್ಮ ಪಕ್ಕದ ಮಣಿಪಾಲದಲ್ಲಿ. ಕೋಝಿಕ್ಕೋಡಿನ ಒಂದೇ ಮನೆಯಲ್ಲಿ ಒಬ್ಬ ಹುಡುಗ ತೀರಿಕೊಂಡು ಕೆಲವೇ ದಿನಕ್ಕೆ ಅಣ್ಣನಿಗೂ ಅದೇ ಥರ ಜ್ವರ, ಮೆದುಳಿಗೆ ತೊಂದ್ರೆ ಶುರುವಾಯ್ತು. ಅಲ್ಲಿನ ಡಾಕ್ಟ್ರುಗಳಿಗೆ ಇದು ಮಾಮೂಲಿ ಅಲ್ಲ ಅನ್ನಿಸಿ ಸ್ಯಾಂಪಲ್ಲನ್ನ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದ್ರು, ಡಾ. ಅರುಣ್ ಕುಮಾರ್ ಅವರ ತಂಡ ನಿಫಾ ಅಂತ ಹೇಳ್ತು, ಆಮೇಲೆ ಪುಣೆ ಖಚಿತ ಮಾಡ್ತು. ಎಲ್ಲಾ ಕೆಲವೇ ದಿನಗಳಲ್ಲಿ. ಅಷ್ಟರಲ್ಲೇ ಆಸ್ಪತ್ರೆಯಲ್ಲಿ ಸೋಂಕು ತಗುಲಿದವರಿದ್ರು, ಬಹಳ ಜನ ಉಳೀಲಿಲ್ಲ, ಆದ್ರೆ ಹೆಸರು ಗೊತ್ತಾದ ಮೇಲೆ ಸಂಪರ್ಕ ಇದ್ದವರನ್ನ ಹುಡುಕಿ ಬೇರೆ ಇಟ್ಟು ಅದನ್ನ ಅಲ್ಲಿಗೇ ನಿಲ್ಲಿಸೋಕೆ ಆಯ್ತು.

ಇದನ್ನ 2001ರ ಸಿಲಿಗುರಿ ಜೊತೆ ಇಟ್ಟು ನೋಡಿ. ಪಶ್ಚಿಮ ಬಂಗಾಳದ ಸಿಲಿಗುರೀಲಿ ಆ ವರ್ಷದ ಜನವರಿ ಫೆಬ್ರವರೀಲಿ 66 ಜನಕ್ಕೆ ಕಾಯಿಲೆ ಬಂತು, 45 ಜನ ತೀರಿಕೊಂಡ್ರು, ಅವರಲ್ಲಿ ಆಸ್ಪತ್ರೆ ಸಿಬ್ಬಂದಿಯೂ ಇದ್ರು. ಅದು ನಿಫಾ ಅಂತ ಉಳಿದಿದ್ದ ಸ್ಯಾಂಪಲ್ ಮತ್ತೆ ಪರೀಕ್ಷೆ ಮಾಡಿ ಲೇಖನವಾಗಿ ಬಂದಿದ್ದು 2006ರಲ್ಲಿ. ಅದೇ ವೈರಸ್ಸು, ಅದೇ ದೇಶ. ಒಂದು ಕಡೆ ದಿನಗಳ ಲೆಕ್ಕ, ಇನ್ನೊಂದು ಕಡೆ ವರ್ಷಗಳ ಲೆಕ್ಕ.

ವ್ಯತ್ಯಾಸ ಬರೀ ಯಂತ್ರದ್ದಲ್ಲ ಅಂತ ನನ್ನ ನಂಬಿಕೆ. ಮಣಿಪಾಲದವರು ಅದಕ್ಕೆ ಮುಂಚೆ ನಾಲ್ಕು ವರ್ಷದಿಂದ ಹಲವು ರಾಜ್ಯಗಳ ಆಸ್ಪತ್ರೆಗಳಲ್ಲಿ ಜ್ವರ ಅಂತ ಅಡ್ಮಿಟ್ ಆದವರ ಸ್ಯಾಂಪಲ್ ತರಿಸಿ ಇದು ಡೆಂಗಿನಾ, ಇಲಿ ಜ್ವರಾನಾ, ಸ್ಕ್ರಬ್ ಟೈಫಸ್ಸಾ, ಮಂಗನ ಕಾಯಿಲೆನಾ ಅಂತ ಹುಡುಕೋ ದೊಡ್ಡ ಕೆಲಸ ಮಾಡ್ತಿದ್ರು. ಹಾಗಾಗಿ ಸ್ಯಾಂಪಲ್ ಎಲ್ಲಿಗೆ ಕಳಿಸ್ಬೇಕು, ಹೇಗೆ ಪ್ಯಾಕ್ ಮಾಡ್ಬೇಕು, ರಾತ್ರಿ ಯಾರಿಗೆ ಫೋನ್ ಮಾಡಿದ್ರೆ ಎತ್ಕೋತಾರೆ, ಎಲ್ಲಾ ಮೊದಲೇ ಗೊತ್ತಿತ್ತು. ಕಾಯಿಲೆ ಬಂದ ದಿನ ಈ ಪರಿಚಯ ಮಾಡ್ಕೊಳ್ಳೋಕೆ ಆಗಲ್ಲ. ಕೇರಳದವರು ಆಮೇಲೆ ತಿರುವನಂತಪುರದ ಹತ್ರ ತೋನ್ನಯ್ಕಲ್‌ನಲ್ಲಿ ತಮ್ಮದೇ ವೈರಾಲಜಿ ಸಂಸ್ಥೆ ಕಟ್ಟಿದ್ರು, 2023ರಲ್ಲಿ ಮತ್ತೆ ನಿಫಾ ಬಂದಾಗ ಎನ್‌ಐವಿಯವರ ಬಸ್ಸಿನಂಥ ಸಂಚಾರಿ ಲ್ಯಾಬೇ ಕೋಝಿಕ್ಕೋಡಿಗೆ ಬಂತು.

ನಮ್ಮಲ್ಲಿ ಬಂದ್ರೆ ಗೊತ್ತಾಗತ್ತಾ ಅಂದ್ರೆ, ಮಂಗಳೂರು ಉಡುಪಿಯಲ್ಲಿ ಆದ್ರೆ ಬೇಗ ಗೊತ್ತಾಗತ್ತೆ ಅಂತ ಧೈರ್ಯವಾಗಿ ಹೇಳ್ತೀನಿ. ದೂರದ ಒಂದು ತಾಲೂಕಲ್ಲಿ ಆದ್ರೆ, ಅಲ್ಲಿನ ಡಾಕ್ಟ್ರಿಗೆ ಇದು ಮಾಮೂಲಿ ಅಲ್ಲ ಅನ್ನಿಸ್ಬೇಕು, ಅನ್ನಿಸಿದ್ದನ್ನ ಹೇಳೋಕೆ ಒಂದು ನಂಬರ್ ಇರ್ಬೇಕು. ಒಂದೇ ದಿನ ನೂರೈವತ್ತು ರೋಗಿಗಳನ್ನ ನೋಡೋ ಡಾಕ್ಟ್ರಿಗೆ ಅನುಮಾನ ಪಡೋಕೂ ಪುರುಸೊತ್ತು ಬೇಕಲ್ವಾ, ಅದನ್ನೂ ಸಾಮರ್ಥ್ಯ ಅಂತಲೇ ಲೆಕ್ಕ ಹಾಕ್ಬೇಕು.

ನಾನು ಎಂಎಸ್ಸಿ ಮೈಕ್ರೋಬಯಾಲಜಿ ಮುಗಿಸ್ತಿದೀನಿ. ವೈರಸ್ ಮೇಲೆ ಕೆಲಸ ಮಾಡೋ ಆಸೆ. ಆದ್ರೆ ಸೀನಿಯರ್ಸ್ ಎಲ್ಲಾ ಪ್ರಾಜೆಕ್ಟ್ ಮುಗೀತು ಕೆಲಸ ಹೋಯ್ತು ಅಂತಾರೆ. ಫಾರ್ಮಾ ಕಂಪನಿ ಸೇರ್ಲಾ?
ವಿದ್ಯಾರ್ಥಿನಿ, ದಾವಣಗೆರೆ

ಮಗಳೇ, ನಿನ್ನ ಸೀನಿಯರ್ಸ್ ಸುಳ್ಳು ಹೇಳ್ತಿಲ್ಲ. ಕೋವಿಡ್ ಬಂದಾಗ 2020ರ ಜನವರೀಲಿ ಪುಣೆ ಒಂದೇ ಕಡೆ ಟೆಸ್ಟ್ ಆಗ್ತಿತ್ತು, ಎರಡು ವರ್ಷದೊಳಗೆ ದೇಶದಲ್ಲಿ ಸಾವಿರಾರು ಲ್ಯಾಬ್ ಆದ್ವು. ಅಷ್ಟು ಬೇಗ ಆಗೋಕೆ ಒಂದು ದೊಡ್ಡ ಕಾರಣ 2013ರ ಸುಮಾರಿಗೇ ಮೆಡಿಕಲ್ ಕಾಲೇಜುಗಳಲ್ಲಿ ವಿಆರ್‌ಡಿಎಲ್ ಅನ್ನೋ ವೈರಸ್ ಲ್ಯಾಬುಗಳ ಜಾಲ ಶುರು ಮಾಡಿದ್ದು. ಆ ಎರಡು ವರ್ಷ ಹಗಲು ರಾತ್ರಿ ಪಿಸಿಆರ್ ಮಾಡಿದ ಹುಡುಗ ಹುಡುಗೀರಲ್ಲಿ ಎಷ್ಟೋ ಜನ ಕಾಂಟ್ರಾಕ್ಟ್ ಮೇಲಿದ್ದೋರು, ಅಲೆ ಇಳಿದ ಮೇಲೆ ಮನೆಗೆ ಹೋದ್ರು. ಯಂತ್ರ ಅಲ್ಲೇ ಉಳೀತು, ಅದನ್ನ ನಡೆಸೋ ಕೈ ಹೋಯ್ತು. ಅಂಥ ಒಬ್ಬ ಹುಡುಗಿ ನನ್ನ ಹತ್ರ ಬಂದು ಅತ್ತಿದ್ದು ನೆನಪಿದೆ, ಅವಳಿಗೆ ಏನು ಹೇಳ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ.

ಆದ್ರೂ ನೀನು ಬಾ ಅಂತಲೇ ಹೇಳ್ತೀನಿ, ಸ್ವಲ್ಪ ನೋಡ್ಕೊಂಡು ಬಾ. ಪುಣೆಯ ಎನ್‌ಐವೀಲಿ ವೈರಾಲಜಿ ಎಂಎಸ್ಸಿ ಇದೆ, ಚೆನ್ನೈ ಎನ್‌ಐಇಯಲ್ಲಿ ಎಪಿಡೆಮಿಯಾಲಜಿ ಓದಬಹುದು. ಪಿಸಿಆರ್ ಬಲ್ಲವರು ಈಗ ಬಹಳ ಜನ ಇದಾರೆ, ಉಣುಗನ್ನ ಭೂತಗನ್ನಡಿಯಲ್ಲಿ ನೋಡಿ ಇದು ಯಾವ ಜಾತಿ ಅಂತ ಹೇಳೋರು, ಕಾಡಲ್ಲಿ ನಾಲ್ಕು ದಿನ ಇದ್ದು ಕೆಲಸ ಮಾಡೋರು, ರೋಗದ ಲೆಕ್ಕ ನಕ್ಷೆ ಮೇಲೆ ಹಾಕಿ ಓದೋರು ಕಮ್ಮಿ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಯಲಹಂಕದ ಪಶು ರೋಗ ಸಂಶೋಧನಾ ಸಂಸ್ಥೆ ನಿವೇದಿ, ಬ್ರಿಟನ್ನಿನ ವಿಜ್ಞಾನಿಗಳು ಸೇರಿ ಮಂಗನ ಕಾಯಿಲೆ ಮೇಲೆ ಮಾಡಿದ ಕೆಲಸ ಹುಡುಕಿ ಓದು. ಕಾಡು ಮತ್ತು ತೋಟ ಕಲಸಿಕೊಂಡಿರೋ ಜಾಗದಲ್ಲಿ, ನಾಡ ದನ ಜಾಸ್ತಿ ಇರೋ ಕಡೆ ಅಪಾಯ ಜಾಸ್ತಿ ಅಂತ ಅವರು ತೋರಿಸಿದ್ರು, ಅದನ್ನ ಕಂಡುಹಿಡಿಯೋಕೆ ಪರಿಸರದವರು, ಪಶುವೈದ್ಯರು, ಸಾರ್ವಜನಿಕ ಆರೋಗ್ಯದವರು ಒಟ್ಟಿಗೆ ಕೂರ್ಬೇಕಾಯ್ತು. ನಿನ್ನಂಥವರಿಗೆ ಜಾಗ ಅಲ್ಲಿದೆ. ಇನ್ನೊಂದು, ನಿನಗೆ ಕನ್ನಡ ಬರತ್ತೆ, ಹಳ್ಳಿ ಮನೆ ಜಗಲೀಲಿ ಕೂತು ಅಜ್ಜಿ ಹತ್ರ ಮಾತಾಡೋಕೆ ಬರತ್ತೆ. ಎಷ್ಟೋ ದೊಡ್ಡ ವಿಜ್ಞಾನಿಗಳಿಗೆ ಅದು ಬರಲ್ಲ, ಬಯೋಡೇಟಾದಲ್ಲಿ ಅದನ್ನೂ ಬರಿ.

ಹೊರದೇಶದ ದುಡ್ಡಲ್ಲಿ ಸಂಶೋಧನೆ ಅಂದ್ರೆ ನಮ್ಮ ಸ್ಯಾಂಪಲ್ ಹೊತ್ಕೊಂಡು ಹೋಗೋದೇ ಅಲ್ವಾ?
ಓದುಗರು, ಲಂಡನ್

ಈ ಅನುಮಾನ ಹೊಸದಲ್ಲ. ಮಂಗನ ಕಾಯಿಲೆ ವೈರಸ್ ವಲಸೆ ಹಕ್ಕಿಗಳಿಂದ ಬಂತಾ ಅಂತ ನೋಡೋಕೆ ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿ ಕಾಲಿಗೆ ಉಂಗುರ ಹಾಕೋ ಕೆಲಸ ದೊಡ್ಡದಾಗಿ ಶುರು ಮಾಡಿದ್ರು, ಆಮೇಲೆ ಅದಕ್ಕೆ ಅಮೆರಿಕದ ಸೈನ್ಯದ ದುಡ್ಡೂ ಬಂತು ಅಂತ 70ರ ದಶಕದಲ್ಲಿ ಗಲಾಟೆ ಆಯ್ತು. 2007ರಲ್ಲಿ ಇಂಡೋನೇಷ್ಯಾದವರು ಹಕ್ಕಿಜ್ವರದ ಸ್ಯಾಂಪಲ್ ಕೊಡಲ್ಲ ಅಂತ ಕೂತ್ಬಿಟ್ರು, ನಮ್ಮ ವೈರಸ್ಸಿಂದ ಮಾಡಿದ ಲಸಿಕೆಯನ್ನ ನಾವೇ ದುಡ್ಡು ಕೊಟ್ಟು ತಗೋಳೋಕೂ ಆಗಲ್ಲ ಅಂದ್ರೆ ಯಾಕೆ ಕೊಡ್ಬೇಕು ಅನ್ನೋದು ಅವರ ವಾದ. ಜಗತ್ತಿಗೆ ಅಪಾಯ ಇತ್ತು ನಿಜ, ಆದ್ರೆ ಅವರು ಕೇಳಿದ್ದು ನ್ಯಾಯವಾಗೇ ಇತ್ತು, ಅದರಿಂದಾನೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೇಲಿ ಫ್ಲೂ ವೈರಸ್ ಕೊಟ್ಟವರಿಗೂ ಪಾಲು ಸಿಗೋ ಒಪ್ಪಂದ ಆಯ್ತು. ಕೋವಿಡ್ಡಿನ ಓಮಿಕ್ರಾನ್ ತಳಿ ನೆನಪು ಮಾಡ್ಕೊಳ್ಳಿ. 2021ರ ನವೆಂಬರಲ್ಲಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನದವರು ತಮ್ಮದೇ ಲ್ಯಾಬಲ್ಲಿ ಪತ್ತೆ ಮಾಡಿ ಜಗತ್ತಿಗೆ ಹೇಳಿದ್ರು, ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ವಿಮಾನ ಬಂದ್. ಕೆಲವೇ ದಿನಕ್ಕೆ ಡಿಸೆಂಬರ್ 2ರಂದು ನಮ್ಮ ದೇಶದ ಮೊದಲ ಎರಡು ಕೇಸ್ ಗೊತ್ತಾಗಿದ್ದು ಕರ್ನಾಟಕದಲ್ಲೇ.

ಹೊರಗಿನ ದುಡ್ಡು ಬೇಡ ಅಂತ ನಾನು ಹೇಳಲ್ಲ. ಆ ಪುಣೆ ಸಂಸ್ಥೆ ಹುಟ್ಟಿದ್ದೇ ಹಾಗೆ, ಮಣಿಪಾಲದ ಜ್ವರದ ಕೆಲಸಕ್ಕೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನೆರವಿತ್ತು. ನಾನು ಕೇಳೋದು ಮೂರೇ ಮಾತು: ಸ್ಯಾಂಪಲ್ ಎಲ್ಲಿ ಉಳಿಯತ್ತೆ, ಪ್ರಾಜೆಕ್ಟ್ ಮುಗಿದ ಮೇಲೆ ಇಲ್ಲಿ ಯಾರಿಗೆ ಏನು ಬರತ್ತೆ, ರಕ್ತ ಕೊಟ್ಟ ಮನೆಗೆ ಯಾರು ಹೋಗಿ ಫಲಿತಾಂಶ ಹೇಳ್ತಾರೆ. ಮೂರನೇದಕ್ಕೆ ನಮ್ಮದೇ ದುಡ್ಡಿನ ಸಂಶೋಧನೆಗಳಲ್ಲೂ ಎಷ್ಟೋ ಸಲ ಉತ್ತರ ಇರಲ್ಲ.

ನಮ್ಮ ಭಾಗಕ್ಕೆ ದೊಡ್ಡ ಲ್ಯಾಬ್ ಬೇಕು ಅಂತ ಪಂಚಾಯ್ತಿಯಿಂದ ಮನವಿ ಕೊಡ್ತಿದೀವಿ. ಅದರಲ್ಲಿ ಏನು ಬರೀಬೇಕು?
ಗ್ರಾಮ ಪಂಚಾಯ್ತಿ ಸದಸ್ಯರು, ಸಿದ್ದಾಪುರ ತಾಲೂಕು

2024ರಲ್ಲಿ ಮಂಗನ ಕಾಯಿಲೆಯಿಂದ ನಿಮ್ಮ ತಾಲೂಕು ಎಷ್ಟು ಅನುಭವಿಸ್ತು ಅಂತ ಗೊತ್ತು, ಕೊಡಿ ಮನವಿ. ಕಟ್ಟಡ ಅಂತ ಬರೆಯೋ ಸಾಲಿನ ಕೆಳಗೇ ಇದನ್ನೂ ಬರೀರಿ: ಬಿಎಸ್‌ಎಲ್-3 (ಪುಣೆಯ ಬಿಎಸ್‌ಎಲ್-4ಕ್ಕಿಂತ ಭದ್ರತೆಯಲ್ಲಿ ಒಂದು ಮೆಟ್ಟಿಲು ಕೆಳಗಿನ) ಲ್ಯಾಬ್ ಅಂದ್ರೆ ಒಳಗಿನ ಗಾಳಿ ಹೊರಗೆ ಬರದ ಹಾಗೆ ಹಗಲು ರಾತ್ರಿ ಫ್ಯಾನ್ ಓಡ್ತಿರ್ಬೇಕು, ಮಳೆಗಾಲದಲ್ಲಿ ನಿಮ್ಮಲ್ಲಿ ಮೂರು ಮೂರು ದಿನ ಕರೆಂಟ್ ಇರಲ್ಲ, ಜನರೇಟರಿಗೆ ಡೀಸೆಲ್ ಯಾರು ಹಾಕ್ತಾರೆ, ಫಿಲ್ಟರ್ ಯಾರು ಬದಲಿಸ್ತಾರೆ, ಪ್ರತಿ ವರ್ಷ ತಪಾಸಣೆಗೆ ದುಡ್ಡು ಯಾವ ಲೆಕ್ಕದಿಂದ ಬರತ್ತೆ. ಕಾಯಂ ಹುದ್ದೆ ಎಷ್ಟು ಅಂತ ಸಂಖ್ಯೆಯಲ್ಲೇ ಕೇಳಿ. ಜೂನ್‌ನಿಂದ ನವೆಂಬರ್ ತನಕ ಅದೇ ಲ್ಯಾಬಲ್ಲಿ ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್ ನೋಡ್ಲಿ ಅಂತಲೂ ಬರೀರಿ, ಆರು ತಿಂಗಳು ಬೀಗ ಹಾಕಿದ ಲ್ಯಾಬಲ್ಲಿ ಕೈ ಪಳಗಲ್ಲ. ದೊಡ್ಡದು ಬರೋ ತನಕ ತಾಲೂಕು ಆಸ್ಪತ್ರೇಲಿ ಸೀಸನ್ನಿಗೆ ಮುಂಚೆ ಟ್ರೂನ್ಯಾಟ್ ಟೆಸ್ಟ್ ಸಿಗೋ ಹಾಗೆ ಮಾಡಿ ಅಂತ ಬೇರೆ ಪತ್ರ ಕೊಡಿ, ಅದು ಬೇಗ ಆಗೋ ಕೆಲಸ. ಮಂಗನ ಕಾಯಿಲೆ ಈಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಂಡಿದೆ, ಅಂದ್ರೆ ನೀವು ಕೇಳ್ತಿರೋದು ನಾಲ್ಕು ರಾಜ್ಯಕ್ಕೆ ಉಪಯೋಗ ಆಗೋ ಲ್ಯಾಬು, ಅದನ್ನೂ ಸೇರಿಸಿ.

ತೋಟದ ಹತ್ರ ಮಂಗ ಸತ್ತು ಬಿದ್ದಿದ್ರೆ ನಾವೇ ಹೂತು ಹಾಕಬಹುದಾ?
ಗೃಹಿಣಿ, ಹೊಸನಗರ

ಬೇಡಮ್ಮ, ಮುಟ್ಟಲೇಬೇಡಿ, ಹತ್ರಾನೂ ಹೋಗ್ಬೇಡಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗು ಇಳಿದು ಸುತ್ತಲ ದರಕಲ್ಲಿ ಸೇರ್ಕೊಳ್ಳತ್ತೆ. ಆಶಾ ಕಾರ್ಯಕರ್ತೆಗೆ ಇಲ್ಲಾ ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡಿ, ಯಾವ ಜಾಗ, ಯಾವತ್ತು ನೋಡಿದ್ದು ಅಂತ ಸರಿಯಾಗಿ ಹೇಳಿ, ಅವರು ಬಂದು ಸ್ಯಾಂಪಲ್ ತಗೊಂಡು ಸುತ್ತ ಔಷಧಿ ಹಾಕ್ತಾರೆ. ಮಕ್ಕಳನ್ನ, ದನವನ್ನ ಆ ಕಡೆ ಬಿಡ್ಬೇಡಿ. ಎರಡು ದಿನದಲ್ಲಿ ಯಾರೂ ಬರಲಿಲ್ಲ ಅಂದ್ರೆ ಮತ್ತೆ ಫೋನ್ ಮಾಡಿ, ಬೇಜಾರು ಮಾಡ್ಕೋಬೇಡಿ. 1957ರಲ್ಲೂ ಮಂಗ ಸಾಯ್ತಿದೆ ಅಂತ ಮೊದಲು ಹೇಳಿದ್ದು ಹಳ್ಳಿಯವರೇ.